ಉಗಿಯ ಸುತ್ತು, ನೀರಿನ ಲೆಕ್ಕ

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಶೇಂಗಾ ಬೀಜವನ್ನು ಹಿಂಡುವ ಮುನ್ನ ಹದವಾಗಿ ಬಿಸಿ ಮಾಡುವುದಕ್ಕೂ, ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ದ್ರಾವಕ ಬಳಸಿ ತೆಗೆದ ಮೇಲೆ ಆ ದ್ರಾವಕವನ್ನು ಬೇರ್ಪಡಿಸುವುದಕ್ಕೂ ಬೇಕಾಗುವುದು ಬಾಯ್ಲರಿನ ಉಗಿ. ಮೊಳಕಾಲ್ಮೂರಿನ ಸೀರೆಗೆ ಹೆಸರು ತಂದ ರೇಷ್ಮೆಯ ದಾರಿಯಲ್ಲಿಯೂ, ಗೂಡು ಬೇಯಿಸಿ ನೂಲು ಬಿಚ್ಚುವಲ್ಲಿಂದ ನೂಲಿನ ಅಂಟು ತೆಗೆದು ಬಣ್ಣ ಹಾಕುವವರೆಗೆ, ಕುದಿನೀರು ಮತ್ತು ಉಗಿಯದೇ ಕೆಲಸ. ಇಂಥ ಕಡೆಗಳಲ್ಲೆಲ್ಲ ಉಗಿ ತಣಿದು ಮತ್ತೆ ನೀರಾಗುವಾಗ ಬಿಟ್ಟುಕೊಡುವ ಶಾಖವೇ ಉದ್ಯಮಿಗೆ ದೊರೆಯುವ ಲಾಭ. ಆದರೆ ಅದೇ ಉಗಿಯಿಂದ ವಿದ್ಯುತ್ತನ್ನು ತೆಗೆಯಹೊರಟಾಗ ಅದೇ ಶಾಖವು ಬಳಕೆಗೆ ಬಾರದೆ ಹೊರಗೆ ಚೆಲ್ಲಲೇಬೇಕಾದ ಹೊರೆಯಾಗುತ್ತದೆ. ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ರಚನೆ, ಅವುಗಳ ದಕ್ಷತೆಯ ಮಿತಿ, ಅವು ಎಲ್ಲಿ ನೆಲೆಗೊಳ್ಳಬಲ್ಲವು ಮತ್ತು ಎಲ್ಲಿ ನೆಲೆಗೊಳ್ಳಲಾರವು ಎಂಬ ಪ್ರಶ್ನೆ, ಇವೆಲ್ಲವೂ ಈ ಹೊರೆಯೊಂದಿಗೆ ಹೆಣೆದುಕೊಂಡಿವೆ.

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಶಾಖೋತ್ಪನ್ನ ಕೇಂದ್ರಗಳಲ್ಲಿ ಒಂದು ಬಳ್ಳಾರಿ ಜಿಲ್ಲೆಯ ಕುಡುತಿನಿಯಲ್ಲಿರುವ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ (ಬಿಟಿಪಿಎಸ್). 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದ ಈ ಕೇಂದ್ರದಲ್ಲಿ 500 ಮೆಗಾವಾಟಿನ ಎರಡು ಘಟಕಗಳೂ 700 ಮೆಗಾವಾಟಿನ ಒಂದು ಘಟಕವೂ ಇವೆ. ಕಲ್ಲಿದ್ದಲು ಉರಿಯುವುದು, ಉಗಿ ಏಳುವುದು, ಟರ್ಬೈನ್ ತಿರುಗುವುದು, ಇಷ್ಟು ಸಂಗತಿ ಶಾಲೆಯ ಪಠ್ಯದಿಂದಲೇ ಪರಿಚಿತ. ಆದರೆ ಟರ್ಬೈನಿನಿಂದ ಹೊರಬಿದ್ದ ಉಗಿಗೆ ಏನಾಗುತ್ತದೆ ಎಂಬುದರ ಕಡೆಗೆ ಪಠ್ಯಗಳು ಸಾಮಾನ್ಯವಾಗಿ ಹೆಚ್ಚು ಗಮನ ಕೊಡುವುದಿಲ್ಲ. ವಿಷಯದ ತಿರುಳು ಇರುವುದು ಅಲ್ಲಿಯೇ.

ಸ್ಕಾಟ್ಲೆಂಡಿನ ಇಂಜಿನಿಯರ್ ವಿಲಿಯಂ ರ‍್ಯಾಂಕಿನ್ (1820–1872) ಅವರ ಹೆಸರಿನಿಂದ ಕರೆಯಲಾಗುವ ಉಗಿಯ ಚಕ್ರದಲ್ಲಿ ನೀರು ನಾಲ್ಕು ಸ್ಥಿತಿಗಳನ್ನು ಹಾದು ಹೊರಟಲ್ಲಿಗೇ ಮರಳುತ್ತದೆ. ಮೊದಲು ಪಂಪು ನೀರಿನ ಒತ್ತಡವನ್ನು ಏರಿಸುತ್ತದೆ. 500 ಮೆಗಾವಾಟಿನ ಘಟಕಗಳಲ್ಲಿ ಈ ಒತ್ತಡ ಸಾಮಾನ್ಯವಾಗಿ ವಾತಾವರಣದ ಒತ್ತಡದ 170 ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಅನಂತರ ಬಾಯ್ಲರಿನ ಗೋಡೆಗುಂಟ ಹಾಯುವ ಕೊಳವೆಗಳೊಳಗೆ ನೀರು ಏರುತ್ತದೆ. ಹಿಟ್ಟಿನಷ್ಟು ನುಣ್ಣಗೆ ಪುಡಿಯಾದ ಕಲ್ಲಿದ್ದಲು ಕುಲುಮೆಯೊಳಗೆ ಗಾಳಿಯೊಂದಿಗೆ ಉರಿಯುತ್ತಿರುವಾಗ ಆ ನೀರು ಕುದಿದು ಉಗಿಯಾಗುತ್ತದೆ. ಅಷ್ಟಕ್ಕೇ ಬಿಡದೆ ಅದನ್ನು ಇನ್ನೊಂದು ಕೊಳವೆಯ ಸಾಲಿನಲ್ಲಿ ಹಾಯಿಸಿ ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ನೀರಿನ ಹನಿಯ ಸುಳಿವೂ ಇಲ್ಲದ, ಕಣ್ಣಿಗೆ ಕಾಣದ ಈ ಒಣ ಉಗಿಗೆ ಅತಿತಪ್ತ ಉಗಿ ಎಂದು ಹೆಸರು. ಕೇಂದ್ರಗಳ ಮೇಲೆ ಬಿಳಿಯಾಗಿ ಕಾಣುವುದು ಉಗಿಯಲ್ಲ, ಗಾಳಿಯಲ್ಲಿ ತಣಿದ ನೀರಿನ ಸಣ್ಣ ಹನಿಗಳು.

ಟರ್ಬೈನಿನೊಳಗೆ ಉಗಿ ಹಿಗ್ಗುತ್ತದೆ, ಹಿಗ್ಗುತ್ತಾ ರೆಕ್ಕೆಗಳನ್ನು ತಳ್ಳುತ್ತದೆ, ತಳ್ಳುತ್ತಾ ತಣಿಯುತ್ತದೆ. ಈ ಹಿಗ್ಗುವಿಕೆಯ ಪ್ರಮಾಣ ಊಹೆಗೆ ಮೀರಿದ್ದು. ಟರ್ಬೈನನ್ನು ಹೊಗುವಾಗ ಒಂದು ಕಿಲೋ ಉಗಿಗೆ ಬೇಕಾಗುವ ಜಾಗ ಸುಮಾರು 20 ಲೀಟರ್. ಹೊರಬೀಳುವಾಗ ಅದೇ ಒಂದು ಕಿಲೋ ಉಗಿ 13 ಸಾವಿರ ಲೀಟರಿನಷ್ಟು ಜಾಗವನ್ನು ಆಕ್ರಮಿಸಿರುತ್ತದೆ. ಆದ್ದರಿಂದಲೇ ಟರ್ಬೈನಿನ ಮೊದಲ ಸಾಲಿನ ರೆಕ್ಕೆಗಳು ಗಿಡ್ಡವಾಗಿದ್ದು ಸಾಲಿನಿಂದ ಸಾಲಿಗೆ ಉದ್ದವಾಗುತ್ತಾ ಹೋಗುತ್ತವೆ. ಟರ್ಬೈನಿನ ದಂಡಕ್ಕೆ ಜೋಡಿಸಿದ ಜನರೇಟರು ನಿಮಿಷಕ್ಕೆ 3000 ಸುತ್ತು ತಿರುಗಿದರೆ ದೇಶದ ಗ್ರಿಡ್ಡಿಗೆ ಬೇಕಾದ 50 ಹರ್ಟ್ಸ್ ವಿದ್ಯುತ್ ಹುಟ್ಟುತ್ತದೆ.

ಹೀಗೆ ತನ್ನ ಬಲವನ್ನು ಕೊಟ್ಟು ಮುಗಿಸಿದ ಉಗಿಯು ಕಂಡೆನ್ಸರ್ ಎಂಬ ಬೃಹತ್ ಪೆಟ್ಟಿಗೆಗೆ ಇಳಿಯುತ್ತದೆ. ಅದರೊಳಗೆ ಸಾವಿರಾರು ಸಪೂರ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಕೊಳವೆಯ ಹೊರಮೈಗೆ ತಾಗಿದ ಉಗಿ ಹನಿಗಟ್ಟಿ ತಳಕ್ಕೆ ಬೀಳುತ್ತದೆ. 13 ಸಾವಿರ ಲೀಟರಿನಷ್ಟು ಹರಡಿದ್ದ ಉಗಿ ಒಂದು ಲೀಟರ್ ನೀರಿಗೆ ಕುಗ್ಗಿದಾಗ ಅಲ್ಲಿ ನಿರ್ವಾತಕ್ಕೆ ಸಮೀಪದ ಸ್ಥಿತಿ ಉಂಟಾಗುತ್ತದೆ; ಒತ್ತಡವು ವಾತಾವರಣದ ಹತ್ತನೆಯ ಒಂದು ಭಾಗಕ್ಕೆ, ಉಷ್ಣತೆಯು 46 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ ನಿರ್ವಾತವೇ ಉಗಿಯನ್ನು ಟರ್ಬೈನಿನ ಮೂಲಕ ಕೊನೆಯವರೆಗೂ ಎಳೆದು ಅದರಿಂದ ಇನ್ನಷ್ಟು ಕೆಲಸವನ್ನು ತೆಗೆಯುತ್ತದೆ. 1769ರಲ್ಲಿ ಜೇಮ್ಸ್ ವ್ಯಾಟ್ ಪೇಟೆಂಟ್ ಪಡೆದ ಪ್ರತ್ಯೇಕ ಕಂಡೆನ್ಸರ್ ಉಗಿಯಂತ್ರದ ಚರಿತ್ರೆಯನ್ನೇ ಬದಲಿಸಿತೆಂದರೆ ಅದು ಅತಿಶಯೋಕ್ತಿಯಲ್ಲ.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಕಂಡೆನ್ಸರಿನಲ್ಲಿ ಪ್ರತಿ ಕಿಲೋ ಉಗಿಯಿಂದ 2000 ಕಿಲೋಜೂಲಿಗೂ ಹೆಚ್ಚು ಶಾಖ, ಅಂದರೆ ನೀರು ಉಗಿಯಾಗುವಾಗ ಒಳಗಿಟ್ಟುಕೊಳ್ಳುವ ಗುಪ್ತೋಷ್ಣ, ತಣ್ಣೀರಿನ ಪಾಲಾಗುತ್ತದೆ. ಇಷ್ಟೊಂದನ್ನು ಚೆಲ್ಲುವ ಬದಲು ಉಗಿಯನ್ನು ಉಗಿಯಾಗಿಯೇ ಬಾಯ್ಲರಿಗೆ ಮರಳಿಸಬಾರದೇಕೆ? ಮರಳಿಸಬೇಕಾದರೆ ಅದನ್ನು ಮತ್ತೆ 170 ಪಟ್ಟು ಒತ್ತಡಕ್ಕೆ ಅದುಮಬೇಕು. ಅಷ್ಟು ಹಿಗ್ಗಿದ ಉಗಿಯನ್ನು ಅದುಮಲು ಟರ್ಬೈನ್ ಕೊಟ್ಟಷ್ಟೂ ಶಕ್ತಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಖರ್ಚಾಗುತ್ತದೆ. ನೀರಾದರೋ ಅದುಮಿದರೂ ಕುಗ್ಗದ ವಸ್ತು. ಒಂದು ಕಿಲೋ ನೀರನ್ನು ಆ ಒತ್ತಡಕ್ಕೇರಿಸಲು ಪಂಪಿಗೆ 17 ಕಿಲೋಜೂಲಿನಷ್ಟು ಸಾಕು, ಟರ್ಬೈನಿನಿಂದ ದೊರೆಯುವುದು 1000 ಕಿಲೋಜೂಲಿಗಿಂತ ಹೆಚ್ಚು. ಶಾಖವನ್ನು ಚೆಲ್ಲುವುದು ವಿನ್ಯಾಸದ ದೋಷವಲ್ಲ, ಲಾಭದ ಮೂಲವೇ ಅದು. ಬಿಸಿ ತುದಿ ಮತ್ತು ತಂಪು ತುದಿ, ಇವೆರಡರ ಅಂತರವೇ ಶಾಖಯಂತ್ರದ ದಕ್ಷತೆಯ ಮೇಲ್ಮಿತಿಯನ್ನು ನಿರ್ಧರಿಸುತ್ತದೆ ಎಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿದ್ದರು. 540 ಮತ್ತು 46 ಡಿಗ್ರಿಗಳ ನಡುವೆ ಆ ಮಿತಿ ಶೇ. 60ರಷ್ಟು, ವಾಸ್ತವದಲ್ಲಿ ಕಲ್ಲಿದ್ದಲಿನ ಶಕ್ತಿಯಲ್ಲಿ ವಿದ್ಯುತ್ತಾಗುವುದು ಶೇ. 35ರಿಂದ 40ರಷ್ಟು ಮಾತ್ರ. ಕುಡುತಿನಿಯ 700 ಮೆಗಾವಾಟಿನ ಘಟಕದಲ್ಲಿರುವ ಸೂಪರ್‌ಕ್ರಿಟಿಕಲ್ ತಂತ್ರದಲ್ಲಿ ಒತ್ತಡವು ವಾತಾವರಣದ 218 ಪಟ್ಟನ್ನು ದಾಟುವುದರಿಂದ ನೀರಿಗೂ ಉಗಿಗೂ ಇರುವ ಗಡಿಯೇ ಅಳಿದು ಕುದಿಯುವಿಕೆ ಎಂಬ ಹಂತವೇ ಇಲ್ಲವಾಗುತ್ತದೆ. ಇದರಿಂದ ದಕ್ಷತೆ ತುಸು ಏರುತ್ತದೆ, ಚೆಲ್ಲುವ ಶಾಖ ತುಸು ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಚೆಲ್ಲಿದ ಶಾಖವನ್ನು ಹೊತ್ತ ನೀರನ್ನು ತಣಿಸುವುದು ಕೂಲಿಂಗ್ ಟವರ್. ಮಣ್ಣಿನ ಹೂಜಿಯ ಮೈಯಿಂದ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಸುವಂತೆ, ಇಲ್ಲಿಯೂ ಒಂದಷ್ಟು ನೀರು ಆವಿಯಾಗಿ ಉಳಿದದ್ದನ್ನು ತಣಿಸುತ್ತದೆ. ಬಾಯ್ಲರಿನೊಳಗಿನ ಶುದ್ಧ ನೀರು ಸುತ್ತುತ್ತಲೇ ಇರುತ್ತದೆ. ಗಾಳಿಗೆ ಹೋದ ನೀರು ಮಾತ್ರ ಹೋದದ್ದೇ. ಕೇಂದ್ರ ಸರ್ಕಾರವು 2015ರ ಡಿಸೆಂಬರಿನಲ್ಲಿ ಹಳೆಯ ಕೇಂದ್ರಗಳಿಗೆ ವಿಧಿಸಿದ ಮಿತಿಯ ಪ್ರಕಾರ ಒಂದು ಯೂನಿಟ್ ವಿದ್ಯುತ್ತಿಗೆ 3.5 ಲೀಟರ್ ನೀರು. ಈ ಲೆಕ್ಕದಲ್ಲಿ 500 ಮೆಗಾವಾಟಿನ ಒಂದೇ ಘಟಕ ಪೂರ್ಣಶಕ್ತಿಯಲ್ಲಿ ನಡೆದರೆ ದಿನಕ್ಕೆ 4.2 ಕೋಟಿ ಲೀಟರ್, ವರ್ಷಕ್ಕೆ ಅರ್ಧ ಟಿಎಂಸಿಗೂ ಹೆಚ್ಚು ನೀರು ಬೇಕು. 1985ರಲ್ಲಿ ರಾಜ್ಯದ ಮೊದಲ ದೊಡ್ಡ ಶಾಖೋತ್ಪನ್ನ ಕೇಂದ್ರವು ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿಯೇ, ಉತ್ಪಾದನೆ ಆರಂಭಿಸಿದ್ದರ ಮರ್ಮ ಇದು. 2016ರ ಬೇಸಿಗೆಯಲ್ಲಿ ಅದೇ ಕೃಷ್ಣೆ ಬತ್ತಿದಾಗ ಅಲ್ಲಿನ ಘಟಕಗಳನ್ನು ನಿಲ್ಲಿಸಬೇಕಾಗಿ ಬಂದದ್ದೂ ಇದರಿಂದಲೇ.

ಈಗ ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ನೆಲವನ್ನು ನೋಡಬೇಕು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ವಾಣಿವಿಲಾಸ ಸಾಗರದ ಕೆಳಗೆ ವೇದಾವತಿಯ ಪಾತ್ರ ವರ್ಷದ ಬಹುಪಾಲು ಒಣಗಿರುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಇಲ್ಲಿನ ಕೆರೆಗಳು ಕಾಯುತ್ತಿರುವಾಗ, ಕುಡಿಯುವುದಕ್ಕೂ ಬೆಳೆಗೂ ಮೀಸಲಾಗಬೇಕಾದ ನೀರನ್ನು ಕೂಲಿಂಗ್ ಟವರಿನಿಂದ ಆಕಾಶಕ್ಕೆ ಬಿಡುವ ಮಾತು ಇಲ್ಲಿ ಸಲ್ಲದು. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಿಗಾಗಲಿ ಸೌರಫಲಕಗಳಿಗಾಗಲಿ ಕಂಡೆನ್ಸರ್ ಬೇಡ. ಬಯಲುಸೀಮೆಗೆ ಅವು ಒಗ್ಗಿದ್ದಕ್ಕೆ ಬಿಸಿಲು ಗಾಳಿಗಳಷ್ಟೇ ಇದೂ ಕಾರಣ.

ಉಗಿಯ ಚಕ್ರವನ್ನೇ ಒಣನಾಡಿಗೆ ಒಗ್ಗಿಸುವ ದಾರಿಗಳೂ ಇಲ್ಲದಿಲ್ಲ. ಜಾರ್ಖಂಡಿನ ಉತ್ತರ ಕರಣಪುರದಲ್ಲಿ ಎನ್‌ಟಿಪಿಸಿ ಕಟ್ಟಿದ ಕೇಂದ್ರದಲ್ಲಿ ನೀರಿನ ಬದಲು ಭಾರಿ ಫ್ಯಾನುಗಳ ಗಾಳಿಯೇ ಉಗಿಯನ್ನು ತಣಿಸುತ್ತದೆ. ನೀರು ಬಹುಪಾಲು ಉಳಿದರೂ ಬೇಸಿಗೆಯಲ್ಲಿ ತಂಪು ತುದಿ ಬಿಸಿಯಾಗಿ ದಕ್ಷತೆ ಕುಂದುವುದನ್ನು ಸಹಿಸಬೇಕು. ಚಳ್ಳಕೆರೆಯ ಬಳಿ ಎರಡನೆಯ ಆವರಣವನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯು 2017ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಾಯೋಗಿಕ ಘಟಕವು ಉಗಿಯನ್ನೇ ಕೈಬಿಟ್ಟು, 31 ಡಿಗ್ರಿಯಲ್ಲಿಯೇ ದ್ರವಕ್ಕೂ ಅನಿಲಕ್ಕೂ ಇರುವ ಗಡಿ ಅಳಿಯುವ ತನ್ನ ಕ್ರಾಂತಿಬಿಂದುವನ್ನು ಮುಟ್ಟುವ ಇಂಗಾಲದ ಡೈಆಕ್ಸೈಡನ್ನು ಅಧಿಕ ಒತ್ತಡದಲ್ಲಿ ಸುತ್ತಿಸುವ ಚಕ್ರವನ್ನು ಪರೀಕ್ಷೆಗೆ ಒಡ್ಡಿತು. ಆ ಬಿಂದುವಿನ ಬಳಿ ಈ ಅನಿಲವು ಬಹುಮಟ್ಟಿಗೆ ದ್ರವದಷ್ಟೇ ದಟ್ಟವಾಗಿರುವುದರಿಂದ ಅದನ್ನು ಅದುಮಲು ಕಡಿಮೆ ಶಕ್ತಿ ಸಾಕು. ಹೀಗಾಗಿ ಅನಿಲವನ್ನು ನೀರಿನಂತೆ ಹನಿಗಟ್ಟಿಸುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ.