ಮೂಗಿನ ಕ್ಲಿಪ್ ಸಿಪ್ಯಾಪ್‌ಗೆ ಬದಲಿಯೇ? ಪ್ರಯಾಣಕ್ಕೆ ಸಣ್ಣ ಯಂತ್ರ ಕೊಳ್ಳುವ ಮುನ್ನ ತಿಳಿಯಿರಿ

“ಸ್ಲೀಪ್ ಅಪ್ನಿಯಾಕ್ಕೆ ಇನ್ನು ದೊಡ್ಡ ಯಂತ್ರ ಬೇಡ. ಈ ಪುಟ್ಟ ಕ್ಲಿಪ್ ಮೂಗಿಗೆ ಸಿಕ್ಕಿಸಿಕೊಂಡರೆ ಸಾಕು. ಪೈಪ್ ಇಲ್ಲ, ಮಾಸ್ಕ್ ಇಲ್ಲ, ಪ್ರಯಾಣದಲ್ಲೂ ಆರಾಮ!”

ಇಂಥದ್ದೊಂದು ವಿಡಿಯೊವನ್ನು ಚಂದಾಪುರದಲ್ಲಿರುವ ನಮ್ಮ ಕಾಕಾ ನನಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಕೆಳಗೆ ಒಂದು ಪ್ರಶ್ನೆ: “ಇದು ಖರೇನಾ? ಖರೆ ಇದ್ರ ಬೆಂಗಳೂರಿಗೆ ಹೋಗೋವಾಗ ಆ ಮಷೀನ್ ಹೊತ್ಕೊಂಡು ಹೋಗೋದು ತಪ್ತದ.”

ಉತ್ತರ: ಖರೆ ಅಲ್ಲ. ಏಕೆ ಎಂಬುದನ್ನು ನೋಡೋಣ.

ಸ್ಲೀಪ್ ಅಪ್ನಿಯಾ ಎಂದರೇನು?

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆ ಎಚ್ಚರಗೊಂಡು ಮತ್ತೆ ಉಸಿರಾಡಿಸುತ್ತದೆ. ಇದು ರಾತ್ರಿಯಿಡೀ ಪದೇ ಪದೇ ನಡೆಯುತ್ತದೆ. ಚಿಕಿತ್ಸೆ ಪಡೆಯದಿದ್ದರೆ ರಕ್ತದೊತ್ತಡ ಮತ್ತು ಹೃದಯದ ತೊಂದರೆಗಳ ಅಪಾಯ ಹೆಚ್ಚು. ಹಗಲಿನ ತೂಕಡಿಕೆಯಿಂದ ವಾಹನ ಅಪಘಾತಗಳೂ ಆಗುತ್ತವೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ನಿಧನರಾದಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಕಾಯಿಲೆಯೂ ಇತ್ತು.

ಕ್ಲಿಪ್ ಏಕೆ ಕೆಲಸ ಮಾಡುವುದಿಲ್ಲ?

ಸಿಪ್ಯಾಪ್ ಯಂತ್ರ ಕೊಡುವುದು ಆಮ್ಲಜನಕವನ್ನಲ್ಲ, ಒತ್ತಡವನ್ನು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಈ ವಿಧಾನದ ತತ್ವ ಸರಳ: ಗಾಳಿಯ ಒತ್ತಡದಿಂದ ಗಂಟಲು ಮುಚ್ಚದಂತೆ ತೆರೆದಿಡುವುದು. ಇಂದಿನ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡ ಕೊಡುತ್ತವೆ. ಈ ಒತ್ತಡ ನಿಲ್ಲಬೇಕಾದರೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಾಳಿ ನೂಕುವ ಮೋಟರ್‌ಗೆ ಶಕ್ತಿ ಇರಬೇಕು. ಮೂಗಿನ ತುದಿಗೆ ಸಿಕ್ಕಿಸುವ ಕ್ಲಿಪ್‌ನಲ್ಲಿ ಎರಡೂ ಇಲ್ಲ. ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದಂತೆ, ಬಂದ ಗಾಳಿ ಪಕ್ಕದಿಂದ ಹೊರಟುಹೋಗುತ್ತದೆ.

ನಿಜವಾದ ಸಣ್ಣ ಯಂತ್ರ ಇಲ್ಲವೇ?

ಇದೆ. ಉದಾಹರಣೆಗೆ ರೆಸ್‌ಮೆಡ್ ಕಂಪನಿಯ ಏರ್‌ಮಿನಿ ಸುಮಾರು 300 ಗ್ರಾಂ ತೂಗುತ್ತದೆ. ಅದೇ ಕಂಪನಿಯ ಮನೆ ಬಳಕೆಯ ಏರ್‌ಸೆನ್ಸ್ 10 ಸುಮಾರು ಒಂದೂಕಾಲು ಕಿಲೋ ಇದೆ. ಆದರೆ ಏರ್‌ಮಿನಿಗೂ ಪೈಪ್, ಮಾಸ್ಕ್ ಬೇಕೇ ಬೇಕು. ಕೊಳ್ಳುವ ಮುನ್ನ ಇವನ್ನು ಕೇಳಿ:

• ನಿಮ್ಮ ಮಾಸ್ಕ್ ಇದಕ್ಕೆ ಹೊಂದುತ್ತದೆಯೇ? ಏರ್‌ಮಿನಿ ಆಯ್ದ ಮಾಸ್ಕ್‌ಗಳ ಜೊತೆ ಮಾತ್ರ ಕೆಲಸ ಮಾಡುತ್ತದೆ.
• ತೇವಾಂಶಕ್ಕೆ ಏನು ವ್ಯವಸ್ಥೆ? ಏರ್‌ಮಿನಿಯಲ್ಲಿ ನೀರಿನ ತೊಟ್ಟಿ ಇಲ್ಲ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಮೂಗು, ಬಾಯಿ ಒಣಗಬಹುದು.
• ವೈದ್ಯರು ನಿಮಗೆ ಬರೆದುಕೊಟ್ಟ ಒತ್ತಡವನ್ನು ಇದು ಕೊಡುತ್ತದೆಯೇ? ನೀವು ಬಳಸುವುದು ಬೈಪ್ಯಾಪ್ ಆಗಿದ್ದರೆ ಸಣ್ಣ ಸಿಪ್ಯಾಪ್ ಅದಕ್ಕೆ ಬದಲಿಯಲ್ಲ.

ರೈಲಿನಲ್ಲಿ ಪ್ಲಗ್ ಇದೆಯಲ್ಲ?

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ವಾಡಿಯಲ್ಲಿ ರಾತ್ರಿ ರೈಲು ಹತ್ತುತ್ತೀರಿ ಎಂದುಕೊಳ್ಳಿ. ಬೆಂಕಿ ಅವಘಡ ತಡೆಯಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳನ್ನು ಬಂದ್ ಮಾಡುವ ಕ್ರಮವನ್ನು ರೈಲ್ವೆ 2021ರಲ್ಲಿ ಕೈಗೊಂಡಿತು. ಅಂದರೆ ನೀವು ಮಲಗುವ ಹೊತ್ತಿಗೇ ಕರೆಂಟ್ ಇರದಿರಬಹುದು. ಸ್ಲೀಪರ್ ಬಸ್ಸಿನ ಮೊಬೈಲ್ ಪ್ಲಗ್ಗನ್ನೂ ನೆಚ್ಚಿಕೊಳ್ಳಬೇಡಿ. ಹೀಗಾಗಿ ಯಂತ್ರದ ಗಾತ್ರಕ್ಕಿಂತ ಬ್ಯಾಟರಿ ಮುಖ್ಯ.

ಪವರ್ ಬ್ಯಾಂಕ್ ಸಾಕೇ?

ಲೆಕ್ಕ ಹೀಗಿದೆ. ನಿಮ್ಮ ಯಂತ್ರ ಸರಾಸರಿ 8 ವ್ಯಾಟ್ ಬಳಸಿದರೆ 8 ಗಂಟೆಗೆ 64 ವ್ಯಾಟ್-ಅವರ್ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಇರುವುದು ಸುಮಾರು 74. ಅದರಲ್ಲೂ ಒಂದಷ್ಟು ನಷ್ಟವಾಗುತ್ತದೆ. ಜೊತೆಗೆ ಏರ್‌ಮಿನಿಗೆ ಬೇಕಾದದ್ದು 24 ವೋಲ್ಟ್, ಮೊಬೈಲ್ ಚಾರ್ಜ್ ಮಾಡುವ 5 ವೋಲ್ಟ್ ಅಲ್ಲ. ಹಾಗಾಗಿ ಆಯಾ ಯಂತ್ರಕ್ಕೆ ಹೊಂದುವ ಬ್ಯಾಟರಿಯನ್ನೇ ಕೊಳ್ಳಿ. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಎಚ್ಚರ ಇರಲಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನ ಜೊತೆ ಒಳಹೋಗುವ ಅಪಾಯವಿತ್ತು. ಪ್ರಯಾಣಕ್ಕೆಂದೇ ಮಾಡಿದ ಡ್ರೀಮ್‌ಸ್ಟೇಷನ್ ಗೋ ಕೂಡ ಆ ಪಟ್ಟಿಯಲ್ಲಿತ್ತು. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕರೆ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಪರಿಶೀಲಿಸದೆ ದುಡ್ಡು ಕೊಡಬೇಡಿ.

ಒಂದೆರಡು ರಾತ್ರಿ ಬಿಟ್ಟರೆ?

ಸಿಪ್ಯಾಪ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಹಾಕಿಕೊಂಡಷ್ಟು ಹೊತ್ತು ತಡೆಯುತ್ತದೆ. ಬಿಟ್ಟ ರಾತ್ರಿ ಉಸಿರು ಮತ್ತೆ ನಿಲ್ಲತೊಡಗಬಹುದು. ಮರುದಿನ ಗಾಡಿ ಓಡಿಸುವವರಿಗಂತೂ ಇದು ಅಪಾಯ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಊರು ಬಿಡುವವರಿಗೆ ಹೊಸ ಯಂತ್ರ ಬೇಕಿಲ್ಲ. ಮನೆಯದನ್ನೇ ತೊಟ್ಟಿಯ ನೀರು ಚೆಲ್ಲಿ, ಒರೆಸಿ, ಒಯ್ದರಾಯಿತು.

ಕೊನೆಯ ಮಾತು

ಮೂಗಿನ ಕ್ಲಿಪ್ ಸಿಪ್ಯಾಪ್‌ಗೆ ಬದಲಿ ಎಂಬುದು ಸುಳ್ಳು. ಕಾಕಾ ಕ್ಲಿಪ್ ತರಿಸಲಿಲ್ಲ. ವೈದ್ಯರನ್ನು ಕೇಳಿ ಹಳೆಯ ಯಂತ್ರಕ್ಕೇ ಒಂದು ಬ್ಯಾಟರಿ ಕೊಂಡರು. ಆ ವಿಡಿಯೊ ನಿಮಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಯಾರೋ ಒಬ್ಬರು ತಮ್ಮ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೊರಡಬಹುದು.