ನಾಯಿಗೆ ಹಸಿ ಮಾಂಸ: ಖರ್ಚು ಉಳಿಯುವುದು ಹಸಿಯಾಗಿ ಹಾಕುವುದರಿಂದಲೇ?

“ನಾಯಿ ತೋಳದ ವಂಶ. ಕಾಡಿನಲ್ಲಿ ಅದಕ್ಕೆ ಕುಕ್ಕರ್ ಇಟ್ಟು ಕೊಡುವವರು ಯಾರು? ದುಬಾರಿ ಪ್ಯಾಕೆಟ್ ಆಹಾರ ಬಿಡಿ. ಕೋಳಿ ಅಂಗಡಿಯಲ್ಲಿ ಸಿಗುವ ಕಾಲು, ತಲೆ, ಲಿವರ್ ತಂದು ಹಸಿಯಾಗಿಯೇ ಹಾಕಿ. ರೋಮ ಮಿರಮಿರ ಮಿಂಚುತ್ತದೆ, ಖರ್ಚೂ ಅರ್ಧಕ್ಕರ್ಧ ಇಳಿಯುತ್ತದೆ!”

ನಾಯಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶಗಳು ಓಡಾಡುತ್ತಲೇ ಇರುತ್ತವೆ. ನೀವೂ ಒಂದಲ್ಲ ಒಂದು ಓದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ನಾಯಿಗೆ ಮಾತ್ರವಲ್ಲ, ಮನೆಯ ಮಕ್ಕಳಿಗೂ ಹಿರಿಯರಿಗೂ ತೊಂದರೆ ತರಬಲ್ಲದು. ಯಾವುದು ಯಾವುದು ಎಂದು ಒಂದೊಂದಾಗಿ ನೋಡೋಣ.

ಈ ಯೋಚನೆ ಎಲ್ಲಿಂದ ಬಂತು?

ಹಸಿ ಮಾಂಸ, ಹಸಿ ಮೂಳೆಯ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ ಅವರು ಬರೆದ ಪುಸ್ತಕದ ನಂತರ ‘ಬಾರ್ಫ್’ ಎಂಬ ಹೆಸರಿನಲ್ಲಿ ಇದು ಹಲವು ದೇಶಗಳಿಗೆ ಹಬ್ಬಿತು. ಈಗ ನಮ್ಮ ನಗರಗಳಲ್ಲೂ ಇದನ್ನು ಪಾಲಿಸುವವರಿದ್ದಾರೆ. ಹಳ್ಳಿಗಳಲ್ಲಂತೂ ಮಾಂಸದಂಗಡಿಯ ಮುಂದೆ ನಾಯಿಗಳಿಗೆ ಹಸಿ ತುಂಡು ಎಸೆಯುವುದು ಹಿಂದಿನಿಂದಲೂ ಇದೆ.

ನಾಯಿ ತೋಳದ ವಂಶವಲ್ಲವೇ?

ವಂಶ ತೋಳದ್ದೇ, ಆದರೆ ಹೊಟ್ಟೆ ಬದಲಾಗಿದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದು, ನಮ್ಮ ಧಾನ್ಯ, ನಮ್ಮ ತಂಗಳು ತಿಂದು ಬದುಕಿದ ಪ್ರಾಣಿ ನಾಯಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ನಾಯಿ ಮತ್ತು ತೋಳಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಜೀರ್ಣಿಸುವ ಕಿಣ್ವವನ್ನು ತಯಾರಿಸುವ ಜೀನ್ ತೋಳಗಳಲ್ಲಿ 2 ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಇತ್ತು. ಅಂದರೆ ಬೆಂದ ಅನ್ನ, ಮುದ್ದೆ, ರೊಟ್ಟಿಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ನಾಯಿಗೆ ಚೆನ್ನಾಗಿಯೇ ಇದೆ.

ಇನ್ನೊಂದು ಮಾತು. ಕಾಡಿನ ತೋಳ ಹಸಿ ಮಾಂಸ ತಿಂದು ಆರೋಗ್ಯವಾಗಿಯೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದರ ಹೊಟ್ಟೆಯಲ್ಲೂ ಜಂತುಹುಳುಗಳಿರುತ್ತವೆ. ಆದರೆ ತೋಳ ನಮ್ಮ ಮಗುವಿನ ಮುಖ ನೆಕ್ಕುವುದಿಲ್ಲ, ಸೋಫಾದ ಮೇಲೆ ಮಲಗುವುದಿಲ್ಲ.

“ನಾಯಿ ಹೊಟ್ಟೆಯ ಆಮ್ಲ ಎಲ್ಲ ಕ್ರಿಮಿಗಳನ್ನೂ ಕೊಲ್ಲುತ್ತದೆ” ನಿಜವೇ?

ಪೂರ್ತಿ ನಿಜವಲ್ಲ. ಹಸಿ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಆರೋಗ್ಯವಂತ ನಾಯಿ ಅದನ್ನು ತಿಂದರೂ ಬಹಳ ಸಲ ಹುಷಾರು ತಪ್ಪುವುದಿಲ್ಲ, ಅದು ಹೌದು. ಆದರೆ ಬ್ಯಾಕ್ಟೀರಿಯಾ ಸತ್ತಿತು ಎಂದಲ್ಲ. ಕೆನಡಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಲ್ಮೊನೆಲ್ಲಾ ಇದ್ದ ಹಸಿ ಆಹಾರವನ್ನು 16 ನಾಯಿಗಳಿಗೆ ಕೊಟ್ಟರು. ಅವುಗಳಲ್ಲಿ 7 ನಾಯಿಗಳು ಒಂದರಿಂದ ಏಳು ದಿನಗಳವರೆಗೆ ಮಲದಲ್ಲಿ ಆ ಬ್ಯಾಕ್ಟೀರಿಯಾವನ್ನು ಹೊರಹಾಕಿದವು. ನೋಡಲು ನಾಯಿ ಗಟ್ಟಿಮುಟ್ಟು, ಆದರೆ ಅದರ ಬಾಯಿ, ಬಟ್ಟಲು, ಅದು ಕೂತ ನೆಲ ಇವೆಲ್ಲ ಸೋಂಕಿನ ದಾರಿಗಳು.

ದುಡ್ಡು ಕೊಟ್ಟು ಕೊಳ್ಳುವ ಪ್ಯಾಕೆಟ್ ಹಸಿ ಆಹಾರವೂ ಇದಕ್ಕೆ ಹೊರತಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸಾಕುಪ್ರಾಣಿಗಳ 196 ಹಸಿ ಆಹಾರದ ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಲಿಸ್ಟೀರಿಯಾ ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯಕಾರಿ. ಅಮೆರಿಕದ ಪಶುವೈದ್ಯಕೀಯ ಸಂಘ 2012ರಿಂದಲೂ ನಾಯಿ ಬೆಕ್ಕುಗಳಿಗೆ ಹಸಿ ಮಾಂಸ ಕೊಡಬೇಡಿ ಎಂದೇ ಹೇಳುತ್ತಿದೆ.

“ಫ್ರೀಜರ್‌ನಲ್ಲಿ ಇಟ್ಟರೆ ಆಯ್ತಲ್ಲ” ಎನ್ನುವವರಿದ್ದಾರೆ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಮಾಂಸ ಕರಗಿದ ಮೇಲೆ ಅದು ಮತ್ತೆ ಎಚ್ಚರಗೊಳ್ಳುತ್ತದೆ.

ಕುರಿಯ ಲಿವರ್, ಶ್ವಾಸಕೋಶ: ಇಲ್ಲಿ ಇನ್ನೂ ಜಾಗ್ರತೆ

ಸಂದೇಶಗಳಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಕುರಿ, ಮೇಕೆ, ದನಗಳ ಲಿವರ್ ಮತ್ತು ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಒಂದು ಜಾತಿಯ ಲಾಡಿಹುಳುವಿನ ಮರಿಗಳು ಬೆಳೆಯುವ ಜಾಗ ಅದು. ಈ ರೋಗಕ್ಕೆ ಹೈಡಾಟಿಡ್ ಎಂದು ಹೆಸರು. ಅಂಥ ಹಸಿ ತುಂಡನ್ನು ನಾಯಿ ತಿಂದರೆ ಸುಮಾರು ಆರೇಳು ವಾರಗಳಲ್ಲಿ ಹುಳು ಅದರ ಕರುಳಿನಲ್ಲಿ ಬೆಳೆದು ಮೊಟ್ಟೆ ಬಿಡಲು ಶುರುಮಾಡುತ್ತದೆ. ಹುಳುವಿನ ಉದ್ದ ಕೆಲವೇ ಮಿಲಿಮೀಟರ್. ನಾಯಿಗೆ ಯಾವ ತೊಂದರೆಯೂ ಕಾಣುವುದಿಲ್ಲ.

ತೊಂದರೆ ನಮಗೆ. ನಾಯಿಯ ಮಲದಲ್ಲಿ ಬಂದ ಮೊಟ್ಟೆಗಳು ಅದರ ರೋಮಕ್ಕೆ, ಅಂಗಳದ ಮಣ್ಣಿಗೆ, ಸೊಪ್ಪಿಗೆ ಅಂಟುತ್ತವೆ. ಅಲ್ಲಿಂದ ಕೈ, ಕೈಯಿಂದ ಬಾಯಿ. ಮನುಷ್ಯರ ದೇಹ ಸೇರಿದ ಮೇಲೆ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಜನರಿಗೆ ಆಪರೇಷನ್ನೇ ಬೇಕಾಗುತ್ತದೆ. ಭಾರತದಲ್ಲೂ ಈ ಕಾಯಿಲೆ ಇದೆ.

ನ್ಯೂಜಿಲೆಂಡ್‌ನಲ್ಲಿ ಒಂದು ಕಾಲದಲ್ಲಿ ಇದು ದೊಡ್ಡ ಪಿಡುಗಾಗಿತ್ತು. ಕುರಿಯ ಹಸಿ ಅಂಗಾಂಗಗಳನ್ನು ನಾಯಿಗೆ ಹಾಕುವುದನ್ನು ನಿಲ್ಲಿಸಿ, ನಾಯಿಗಳಿಗೆ ಹುಳುವಿನ ಔಷಧಿ ಕೊಡುತ್ತಾ ಬಂದ ಆ ದೇಶ 2002ರಲ್ಲಿ ಈ ರೋಗದಿಂದ ಬಹುತೇಕ ಮುಕ್ತವಾಯಿತೆಂದು ಘೋಷಿಸಿಕೊಂಡಿತು. ಪಾಠ ಸರಳ: ಲಿವರ್ ಕೊಡಿ, ಆದರೆ ಚೆನ್ನಾಗಿ ಬೇಯಿಸಿ ಕೊಡಿ.

ಬರೀ ಮಾಂಸ ಹಾಕಿದರೆ ಮೂಳೆ ಸವೆಯುತ್ತದೆ

ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ನಾಯಿಗೆ ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಹೆಚ್ಚೇ ಇರಬೇಕು. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹದಿನೈದು, ಇಪ್ಪತ್ತು ಪಟ್ಟು ಇರುತ್ತದೆ. ಬರೀ ಮಾಂಸ ತಿನ್ನುವ ನಾಯಿಯ ದೇಹ ಆ ಕೊರತೆ ತುಂಬಲು ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಮರಿಗಳಲ್ಲಿ ಕಾಲು ಸೊಟ್ಟಗಾಗುವುದು, ಸಣ್ಣ ನೆಗೆತಕ್ಕೇ ಮೂಳೆ ಮುರಿಯುವುದು ಇದರಿಂದಲೇ.

ಹಾಗಾದರೆ ಮೂಳೆಯನ್ನೇ ಹಾಕಬಹುದಲ್ಲ? ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳನ್ನು ಚುಚ್ಚುತ್ತದೆ. ಅದನ್ನು ಯಾವತ್ತೂ ಕೊಡಬಾರದು. ಹಸಿ ಮೂಳೆ ಅಷ್ಟು ಸೀಳದಿದ್ದರೂ ಹಲ್ಲು ಮುರಿಯುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಮಲಬದ್ಧತೆ ತರುತ್ತದೆ. ಒಂದು ಆಪರೇಷನ್ನಿನ ಬಿಲ್ಲು ಬಂದರೆ ವರ್ಷವಿಡೀ ಉಳಿಸಿದ್ದು ಒಂದೇ ದಿನ ಖರ್ಚಾಗುತ್ತದೆ.

ಈಗ ಖರ್ಚಿನ ಲೆಕ್ಕಕ್ಕೆ ಬರೋಣ

ಹಸಿ ಆಹಾರ ಪಾಲಿಸುವವರ ರೂಢಿಯ ಲೆಕ್ಕದಂತೆ ದಿನಕ್ಕೆ ನಾಯಿಯ ತೂಕದ ಶೇ. 2ರಿಂದ 3ರಷ್ಟು ಹಸಿ ಆಹಾರ ಬೇಕು. 30 ಕೆಜಿಯ ಲ್ಯಾಬ್ರಡಾರ್‌ಗೆ ದಿನಕ್ಕೆ 600ರಿಂದ 900 ಗ್ರಾಂ. ತಿಂಗಳಿಗೆ 18ರಿಂದ 27 ಕೆಜಿ. ನಿಮ್ಮೂರಿನ ಕೋಳಿ ಬೆಲೆಯಿಂದ ಗುಣಿಸಿ ನೋಡಿ. ಅಗ್ಗ ಅನ್ನಿಸುತ್ತದೆಯೇ?

ಅಗ್ಗವಾಗುವುದು ಯಾವಾಗ? ತಲೆ, ಕಾಲು, ಕತ್ತು, ಗುಂಡಿಗೆ, ಲಿವರ್‌ನಂಥ ಕಡಿಮೆ ಬೆಲೆಯ ಭಾಗಗಳನ್ನು ತಂದಾಗ ಮಾತ್ರ. ಅಂದರೆ ಉಳಿತಾಯ ಬರುವುದು ಭಾಗದ ಬೆಲೆಯಿಂದ. ಬೇಯಿಸದೆ ಹಾಕುವುದರಿಂದಲ್ಲ. ಅದೇ ತುಂಡುಗಳನ್ನು ತಂದು ಕುಕ್ಕರ್‌ನಲ್ಲಿ ಬೇಯಿಸಿದರೂ ಉಳಿತಾಯ ಹಾಗೆಯೇ ಇರುತ್ತದೆ. ಹೆಚ್ಚಾಗುವುದು ಒಂದಿಷ್ಟು ಗ್ಯಾಸ್. ಜೊತೆಗೆ ಅನ್ನ ಅಥವಾ ರಾಗಿ ಸೇರಿಸಿದರೆ ಬೇಕಾಗುವ ಮಾಂಸವೂ ಕಡಿಮೆ. ಹಸಿ ಮಾಂಸ ತಿನ್ನುವ ನಾಯಿಗೆ ಹೀಗೆ ಧಾನ್ಯ ಬೆರೆಸಿ ಮಾಂಸ ಇಳಿಸುವ ಅವಕಾಶವನ್ನು ಆ ಪದ್ಧತಿಯೇ ತಪ್ಪಿಸುತ್ತದೆ.

10 ಕೆಜಿ ತೂಗುವ, ಆರೋಗ್ಯವಂತ, ಬೆಳೆದ ನಾಯಿಗೆ ಒಂದು ದಿನದ ಸುಮಾರು ಲೆಕ್ಕ ಹೀಗೆ ಮಾಡಬಹುದು:

• ಮೂಳೆ ತೆಗೆದ ಕೋಳಿ ಮಾಂಸ 150 ಗ್ರಾಂ. ಇದರಲ್ಲಿ ಹತ್ತನೇ ಒಂದು ಪಾಲು ಲಿವರ್ ಇದ್ದರೆ ಸಾಕು. ಲಿವರ್ ಅತಿಯಾದರೆ ವಿಟಮಿನ್ ಎ ಹೆಚ್ಚಾಗಿ ತೊಂದರೆ.
• ಅಕ್ಕಿ ಅಥವಾ ರಾಗಿ ಹಿಟ್ಟು ಸುಮಾರು 80 ಗ್ರಾಂ, ಚೆನ್ನಾಗಿ ಬೇಯಿಸಿದ್ದು.
• ಸಿಹಿಕುಂಬಳ, ಕ್ಯಾರೆಟ್ ಅಥವಾ ಬೀನ್ಸ್ ಒಂದು ಹಿಡಿ.
• ಒಂದು ಟೀ ಚಮಚ ಅಡುಗೆ ಎಣ್ಣೆ.
• ಮೊಟ್ಟೆ ಚಿಪ್ಪಿನ ನುಣ್ಣನೆ ಪುಡಿ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ ಮಿಕ್ಸಿಗೆ ಹಾಕಿ. ಒಂದು ಟೀ ಚಮಚ ಪುಡಿಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಾಗಿಯಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದೊಂದೇ ಸಾಲದು.

ತಲೆ, ಕತ್ತು, ಕಾಲುಗಳನ್ನು ಬೇಯಿಸಿದ ಮೇಲೆ ಮೂಳೆಯನ್ನೆಲ್ಲ ಆರಿಸಿ ಬಿಸಾಡಿ. ಬೆಂದ ನೀರನ್ನು ಸೋಸಿ ಅನ್ನಕ್ಕೆ ಬೆರೆಸಿ. ವಾರಕ್ಕೆರಡು ಸಲ ಮಾಂಸದ ಬದಲು ಬೆಂದ ಮೊಟ್ಟೆ ಕೊಡಬಹುದು. ಎರಡು ಮೂರು ದಿನಕ್ಕಾಗುವಷ್ಟು ಒಟ್ಟಿಗೆ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಗ್ಯಾಸ್ ಕೂಡ ಉಳಿಯುತ್ತದೆ.

ಉಪ್ಪು, ಖಾರ, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ನಮ್ಮ ಸಾರು, ಸಾಂಬಾರು ಬೆರೆಸಬೇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ.

ಬೇಯಿಸಿದರೆ ಎಲ್ಲ ಸರಿಹೋಯಿತೇ?

ಇಲ್ಲ. ಬೇಯಿಸಿದರೆ ಕ್ರಿಮಿಗಳ ಭಯ ಹೋಗುತ್ತದೆ, ಪೋಷಕಾಂಶದ ಕೊರತೆ ತಾನಾಗಿ ತುಂಬುವುದಿಲ್ಲ. ಅಮೆರಿಕದ ಸಂಶೋಧಕರು 2013ರಲ್ಲಿ ಮನೆಯಲ್ಲಿ ಮಾಡುವ ನಾಯಿ ಆಹಾರದ 200 ಪಾಕವಿಧಾನಗಳನ್ನು ಪರಿಶೀಲಿಸಿದಾಗ, ಶೇ. 95ರಷ್ಟರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆ ಇತ್ತು. ಮೇಲಿನ ಲೆಕ್ಕದಲ್ಲೂ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸಾಲದೆ ಬರಬಹುದು. ಬರೀ ಮೊಸರನ್ನ ಹಾಕುವ ಮನೆಗಳಲ್ಲಿ ಪ್ರೋಟೀನೂ ಸಾಲುವುದಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಪಶುವೈದ್ಯರನ್ನು ಕೇಳಿ ನಾಯಿಗಳಿಗೆಂದೇ ಇರುವ ವಿಟಮಿನ್ ಮತ್ತು ಖನಿಜದ ಪುಡಿ ಬೆರೆಸುವುದು. ಇನ್ನೊಂದು, ಒಂದು ಹೊತ್ತು ಮನೆಯ ಅಡುಗೆ, ಇನ್ನೊಂದು ಹೊತ್ತು ಪ್ಯಾಕೆಟ್ ಆಹಾರ. ಕೈಗೆಟಕುವ ಬೆಲೆಯದ್ದೇ ಇರಲಿ, ಪ್ಯಾಕೆಟ್ ಮೇಲೆ ‘ಸಂಪೂರ್ಣ ಮತ್ತು ಸಮತೋಲಿತ ಆಹಾರ’ ಎಂಬರ್ಥದ ಮಾತು ಇದೆಯೇ ನೋಡಿಕೊಳ್ಳಿ. ಒಂದು ವರ್ಷದೊಳಗಿನ ಮರಿ, ಗಬ್ಬದ ನಾಯಿ, ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇರುವ ನಾಯಿಗೆ ಮಾತ್ರ ಸ್ವಂತ ಲೆಕ್ಕ ಬೇಡವೇ ಬೇಡ. ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ದೊಡ್ಡ ತಳಿಯ ಮರಿಗೆ ಹೆಚ್ಚಾದರೂ ಕಷ್ಟ.

ಆಹಾರ ಬದಲಿಸುವಾಗ ಒಂದೇ ದಿನಕ್ಕೆ ಬದಲಿಸಬೇಡಿ. ಒಂದು ವಾರ, ಹತ್ತು ದಿನದಲ್ಲಿ ಹಳೆಯದನ್ನು ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸಿ. ಇಲ್ಲವಾದರೆ ಭೇದಿ ಖಂಡಿತ.

ರೋಮ ಹೊಳೆಯುವುದು ಸುಳ್ಳೇ?

ಸುಳ್ಳಲ್ಲ. ಕೊಬ್ಬು, ಪ್ರೋಟೀನು ಹೆಚ್ಚಿದ್ದರೆ ರೋಮ ಹೊಳೆಯುತ್ತದೆ, ಮಲವೂ ಕಡಿಮೆಯಾಗುತ್ತದೆ. ಆದರೆ ಅದು ಮಾಂಸದ ಗುಣ. ಬೇಯಿಸಿದ ಮಾಂಸ, ಮೊಟ್ಟೆ, ಒಂದು ಚಮಚ ಎಣ್ಣೆಯಿಂದಲೂ ಅದೇ ಹೊಳಪು ಬರುತ್ತದೆ.

ಈಗಾಗಲೇ ಹಸಿ ಹಾಕುತ್ತಿದ್ದರೆ?

ಗಾಬರಿ ಬೇಡ. ಇಂದಿನಿಂದ ಬೇಯಿಸಲು ಶುರುಮಾಡಿ. ಪಶುವೈದ್ಯರಿಗೆ ಹಸಿ ಅಂಗಾಂಗ ತಿಂದಿರುವ ವಿಷಯ ಸ್ಪಷ್ಟವಾಗಿ ಹೇಳಿ, ಲಾಡಿಹುಳುವಿನ ಔಷಧಿ ಕೇಳಿ. ಎಲ್ಲ ಜಂತುಹುಳುವಿನ ಮಾತ್ರೆಯೂ ಈ ಹುಳುವಿಗೆ ಕೆಲಸ ಮಾಡುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವಂಥದ್ದು ಬೇಕು. ನಾಯಿಯ ಬಟ್ಟಲನ್ನು ಸೋಪಿನಿಂದ ಬೇರೆಯಾಗಿ ತೊಳೆಯಿರಿ. ನಾಯಿಯನ್ನು ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ.

ಮತ್ತೆ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಇಷ್ಟನ್ನು ಕಾಪಿ ಮಾಡಿ ಕಳಿಸಿ:

“ಕೋಳಿ ಅಂಗಡಿಯ ಅಗ್ಗದ ತುಂಡು ತನ್ನಿ, ತಪ್ಪಿಲ್ಲ. ಕುಕ್ಕರ್‌ನಲ್ಲಿ ಬೇಯಿಸಿ, ಮೂಳೆ ತೆಗೆಯಿರಿ, ಅನ್ನ ಅಥವಾ ಮುದ್ದೆಗೆ ಬೆರೆಸಿ, ಕ್ಯಾಲ್ಸಿಯಂ ಮರೆಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಕುರಿಯ ಹಸಿ ಲಿವರ್ ಅಂತೂ ಬೇಡವೇ ಬೇಡ. ದುಡ್ಡೂ ಉಳಿಯುತ್ತದೆ, ನಾಯಿಯೂ ಚೆನ್ನಾಗಿರುತ್ತದೆ, ಮನೆಯವರೂ ಚೆನ್ನಾಗಿರುತ್ತಾರೆ.”