ಹೇಜಲ್‌ನಟ್ ಹಾಕೋಣ್ವಾ, ಲುಪಿನ್ ಹಾಕೋಣ್ವಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಹೋದ ವಾರ ಕೆ.ಆರ್.ಪುರಂ ಆಚೆ ಬಿದರಹಳ್ಳಿ ಕಡೆಯ ಯುವ ರೈತರೊಬ್ಬರು ವಾಟ್ಸಾಪ್‌ನಲ್ಲಿ ಎರಡು ಸ್ಕ್ರೀನ್‌ಶಾಟ್ ಕಳಿಸಿದ್ರು. ಒಂದರಲ್ಲಿ ಹೇಜಲ್‌ನಟ್ ಸಸಿ, ಇನ್ನೊಂದರಲ್ಲಿ ಬಣ್ಣಬಣ್ಣದ ಲುಪಿನ್ ಹೂವು. ಜೊತೆಗೆ ಒಂದು ವಾಯ್ಸ್ ಮೆಸೇಜ್: "ಸರ್, ಮನೆ ಹಿಂದೆ 10 ಗುಂಟೆ ಇದೆ. ಬೇಲಿ ಉದ್ದಕ್ಕೂ ಹೇಜಲ್‌ನಟ್, ಮಧ್ಯದಲ್ಲಿ ಲುಪಿನ್ ಹಾಕೋಣ ಅಂತಿದ್ದೀನಿ. ಒಂದು ಕಾಯಿ ಕೊಡುತ್ತೆ, ಇನ್ನೊಂದು ಮಣ್ಣಿಗೆ ಸಾರಜನಕ ಕೊಡುತ್ತೆ. 40 ಸಸಿಗೆ ಅಡ್ವಾನ್ಸ್ ಕಳಿಸ್ಲಾ?"

ಲೆಕ್ಕಾಚಾರ ಕೆಟ್ಟದ್ದಲ್ಲ. ಕಾಯಿ ಕೊಡುವ ಗಿಡದ ಪಕ್ಕ ದ್ವಿದಳ ಗಿಡ ಇರಬೇಕು ಅನ್ನೋದು ಸರಿಯಾದ ಮಾತೇ. ಆದರೆ ಆ ವಿಡಿಯೋ ಮಾಡಿರೋದು ಯುರೋಪಿನ ತೋಟದಲ್ಲಿ. ನಮ್ಮ ತೋಟ ಇರೋದು ಬೆಂಗಳೂರಿನ ಪೂರ್ವಕ್ಕೆ. ಎರಡೂ ಗಿಡವನ್ನ ಇಲ್ಲಿಯ ಹವೆಗೆ ಹಿಡಿದು ನೋಡೋಣ.

ಹೇಜಲ್‌ನಟ್: ಚಳಿ ಇಲ್ಲದೆ ಕಾಯಿ ಇಲ್ಲ

ಹೇಜಲ್‌ನಟ್ ಚಳಿ ದೇಶದ ಪೊದೆಮರ. 10ರಿಂದ 15 ಅಡಿ ಬೆಳೆಯುತ್ತೆ. ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯೋದು ಟರ್ಕಿ ದೇಶ. ನಮ್ಮ ದೇಶದಲ್ಲಿ ಇದರ ಕಾಡು ಜಾತಿ ಹಿಮಾಲಯದ ತಪ್ಪಲಲ್ಲಿ, ಹಿಮಾಚಲ ಮತ್ತು ಕಾಶ್ಮೀರದ ಕಡೆ ಸಿಗುತ್ತೆ.

ಈ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತೆ. ಅದು ಎಚ್ಚರ ಆಗಿ ಸರಿಯಾಗಿ ಚಿಗುರಿ ಹೂ ಬಿಡಬೇಕಾದ್ರೆ ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ಚಳಿ ನೂರಾರು ಗಂಟೆ ಸಿಗಬೇಕು. ಕೆಲವು ತಳಿಗಳಿಗೆ ಸಾವಿರ ಗಂಟೆಗೂ ಹೆಚ್ಚು ಬೇಕು. ಸೇಬು ಬೆಳೆಯೋರು ಇದನ್ನೇ ಚಿಲ್ಲಿಂಗ್ ಅವರ್ಸ್ ಅಂತಾರೆ.

ಈಗ ನಮ್ಮ ಚಳಿ ನೋಡಿ. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಮೇಲೆ ಅಷ್ಟು ಚಳಿ ಬಿದ್ದಿಲ್ಲ. ಈಗ ಜನವರಿಯ ಸಾಮಾನ್ಯ ರಾತ್ರಿ ಅಂದ್ರೆ 15-16 ಡಿಗ್ರಿ. ನಗರದ ಹೊರಗೆ ಒಂದೆರಡು ಡಿಗ್ರಿ ಕಡಿಮೆ ಇರಬಹುದು, ಆದರೂ ನೂರಾರು ಗಂಟೆ ಎಲ್ಲಿಂದ ತರೋದು? ಈ ಲೆಕ್ಕದಲ್ಲಿ ನಮಗೆ ಸಿಗೋ ಅಂಕ ಸೊನ್ನೆ.

ಇನ್ನೊಂದು ವಿಷಯ. ಹೇಜಲ್‌ನಟ್ ತನ್ನದೇ ಪರಾಗದಿಂದ ಕಾಯಿ ಕಟ್ಟೋದಿಲ್ಲ. ಗಾಳಿಯಲ್ಲಿ ಬರೋ ಬೇರೆ ತಳಿಯ ಪರಾಗ ಬೇಕು. 40 ಸಸಿಯೂ ಒಂದೇ ತಳಿಯಾದ್ರೆ ಚಳಿ ಇದ್ರೂ ಕಾಯಿ ಇಲ್ಲ.

"ಸಸಿ ಬದುಕುತ್ತಾ?" ಅಂದ್ರೆ, ಕೆಲವು ವರ್ಷ ಬದುಕಬಹುದು. ಎಲೆನೂ ಬಿಡಬಹುದು. ಮೋಸ ಆಗೋದು ಇಲ್ಲೇ. ಹಸಿರಾಗಿದೆಯಲ್ಲ, ಮುಂದಿನ ವರ್ಷ ಕಾಯಿ ಬರುತ್ತೆ ಅಂತ ನೀರು, ಗೊಬ್ಬರ ಹಾಕ್ತಾ ನಾಲ್ಕೈದು ವರ್ಷ ಕಳೆದುಹೋಗುತ್ತೆ. ಸಸಿಯ ದುಡ್ಡಿಗಿಂತ ಈ ವರ್ಷಗಳ ನಷ್ಟ ದೊಡ್ಡದು.

ಲುಪಿನ್: ನಾಲ್ಕು ತಿಂಗಳ ಅತಿಥಿ

ಲುಪಿನ್ ಕಥೆ ಬೇರೆ. ಇದು ಅವರೆ, ತೊಗರಿಯ ಕುಟುಂಬದ್ದೇ ಗಿಡ. ಅಂಗೈ ಥರದ ಎಲೆ, ಮೇಲೆ ಗೋಪುರದ ಹಾಗೆ ಹೂಗೊಂಚಲು. 1809ರಲ್ಲಿ ಹಲಸೂರಿನ ಬಳಿ ಕಂಟೋನ್ಮೆಂಟ್ ಶುರುವಾದ ಮೇಲೆ ಬಂಗಲೆ ತೋಟಗಳ ಜೊತೆ ಒಂದು ರೂಢಿ ಬೆಳೀತು: ಮಳೆ ಮುಗಿಯೋ ಹೊತ್ತಿಗೆ ಚಳಿ ದೇಶದ ಹೂವಿನ ಬೀಜ ಹಾಕಿ, ಬೇಸಿಗೆಗೆ ಮುಂಚೆ ಹೂ ನೋಡೋದು. ಲುಪಿನ್‌ಗೂ ಇದೇ ಲೆಕ್ಕ. ಇಲ್ಲಿ ಅದು ವರ್ಷಗಟ್ಟಲೆ ಇರೋ ಗಿಡ ಅಲ್ಲ, ಒಂದು ಚಳಿಗಾಲದ ಗಿಡ.

ಬೆಳೆಸೋದಾದ್ರೆ ಹೀಗೆ ಮಾಡಿ:

- ತಳಿ: ಪ್ಯಾಕೆಟ್ ಮೇಲೆ ರಸೆಲ್ ಲುಪಿನ್ ಅಂತ ಇದ್ರೆ ಅದು ಇಂಗ್ಲೆಂಡಿನ ಚಳಿಗೆ ಒಗ್ಗಿದ ಬಹುವಾರ್ಷಿಕ. ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೂ ಅದಕ್ಕೂ ಸಂಬಂಧ ಇಲ್ಲ! ನಮಗೆ ಸುಲಭ ಅಂದ್ರೆ ಮೆಕ್ಸಿಕೋ ಮೂಲದ ಹಾರ್ಟ್‌ವೆಗಿ ಥರದ ವಾರ್ಷಿಕ ಜಾತಿ.
- ಬಿತ್ತನೆ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ರಾತ್ರಿಯಿಡೀ ನೀರಲ್ಲಿ ನೆನೆಸಿ.
- ಜಾಗ: ತಾಯಿಬೇರು ಆಳಕ್ಕೆ ಇಳಿಯುತ್ತೆ, ಕಿತ್ತು ನೆಟ್ರೆ ಸೊರಗುತ್ತೆ. ನೇರ ಮಡಿಯಲ್ಲೇ ಒಂದು ಅಡಿ ಅಂತರದಲ್ಲಿ ಹಾಕಿ. ಅಕ್ಟೋಬರ್ ಮಳೆ ಜೋರಿದ್ರೆ ಪೇಪರ್ ಕಪ್‌ನಲ್ಲಿ ಮಾಡಿ, ಕಪ್ ಸಮೇತ ನೆಡಿ.
- ಮಣ್ಣು: ನೀರು ನಿಲ್ಲದ ಕೆಂಪು ಮಣ್ಣು ಒಪ್ಪುತ್ತೆ. ಸುಣ್ಣದಂಶ ಆಗಲ್ಲ. ನಿಮ್ಮ ಬೋರ್‌ವೆಲ್ ನೀರು ಗಡಸಾಗಿದ್ದು ಎಲೆ ಹಳದಿಯಾದ್ರೆ ಮೊದಲು ನೀರನ್ನೇ ಅನುಮಾನಿಸಿ.
- ಹೂವು: ಜನವರಿ, ಫೆಬ್ರವರಿ. ಮಾರ್ಚ್ ಬಿಸಿಲು ಏರಿದ ಮೇಲೆ ಗಿಡ ಮುಗೀತು ಅಂತಲೇ ತಿಳ್ಕೊಳ್ಳಿ.

ಎರಡು ಎಚ್ಚರಿಕೆ

ಮೊದಲನೆಯದು, ಲುಪಿನ್ ಕಾಯಿ ನೋಡೋಕೆ ನಮ್ಮ ಅವರೆ, ಬಟಾಣಿ ಥರಾನೇ ಇರುತ್ತೆ. ಆದರೆ ಹೂವಿಗಾಗಿ ಬೆಳೆಸೋ ಲುಪಿನ್ ಬೀಜದಲ್ಲಿ ಕಹಿ ವಿಷಾಂಶ ಇದೆ. ಮಕ್ಕಳಿಗೆ, ದನಕ್ಕೆ, ಮೇಕೆಗೆ ಸಿಗದ ಹಾಗೆ ನೋಡ್ಕೊಳ್ಳಿ. ಒಣಗಿದ ಗಿಡವನ್ನ ಕೊಟ್ಟಿಗೆಗೆ ಹಾಕ್ಬೇಡಿ. ಆಸ್ಟ್ರೇಲಿಯಾದಲ್ಲಿ ದನಕ್ಕೆ ಹಾಕೋದು ವಿಷಾಂಶ ಕಡಿಮೆ ಇರೋ ಬೇರೆ ತಳಿಗಳನ್ನ.

ಎರಡನೆಯದು, ಸಾರಜನಕ ತಾನಾಗೇ ಬರೋದಿಲ್ಲ. ಲುಪಿನ್ ಬೇರಿಗೆ ಅದರದ್ದೇ ಬ್ಯಾಕ್ಟೀರಿಯಾ ಬೇಕು, ನಮ್ಮ ಮಣ್ಣಲ್ಲಿ ಅದು ಇದ್ದೇ ಇರುತ್ತೆ ಅಂತ ನಂಬೋಕಾಗಲ್ಲ. ಹೂ ಬರೋ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ಬೇರುಗಂಟು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ರೆ ಕೆಲಸ ನಡೀತಿದೆ. ಗಂಟೇ ಇಲ್ಲದಿದ್ರೆ ಅದು ಬರೀ ಹೂವಿನ ಗಿಡ.

ಹಾಗಾದ್ರೆ ಆ 10 ಗುಂಟೆಗೆ ಏನು ಹಾಕೋದು?

ನಿಮಗೆ ನಿಜವಾಗಿ ಬೇಕಿರೋದು ಒಂದು ನಟ್ ಮತ್ತು ಮಣ್ಣಿಗೆ ಸಾರಜನಕ. ಎರಡಕ್ಕೂ ಇಲ್ಲೇ ದಾರಿ ಇದೆ.

ಮರವೇ ಬೇಕು ಅಂದ್ರೆ ಗೋಡಂಬಿ. ಹೊಸಕೋಟೆ ದಾಟಿ ಮುಂದೆ ಹೋದ್ರೆ ಸಿಗೋ ಚಿಂತಾಮಣಿಯ ಸಂಶೋಧನಾ ಕೇಂದ್ರದಿಂದಲೇ ಬಯಲುಸೀಮೆಗೆ ಅಂತ ಚಿಂತಾಮಣಿ-1 ತಳಿ ಬಂದಿದೆ. ಕಸಿ ಗಿಡವನ್ನೇ ತಗೊಳ್ಳಿ, ಮೂರನೇ ವರ್ಷದಿಂದ ಫಸಲು ಶುರು. 8 ಮೀಟರ್ ಅಂತರ ಅಂದ್ರೆ 10 ಗುಂಟೆಗೆ ಸುಮಾರು 15 ಗಿಡ. ಚಿಗುರು, ಹೂ ಸಮಯದಲ್ಲಿ ಟೀ ಸೊಳ್ಳೆ ಕಾಟ ಇರುತ್ತೆ. ಹಸಿ ಗೋಡಂಬಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತೆ, ಆದ್ದರಿಂದ ಮನೆಯಲ್ಲಿ ಒಡೆಯೋ ಆಸೆ ಬೇಡ. ಕೊಳ್ಳೋರು ಯಾರು ಅಂತ ಮೊದಲೇ ವಿಚಾರಿಸಿ.

ಮಣ್ಣಿಗೆ ಸಾರಜನಕ ಬೇಕು ಅಂದ್ರೆ ಮಳೆಗಾಲದಲ್ಲಿ ಅಪ್ಸೆಣಬು ಚೆಲ್ಲಿ, ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ಬೇಲಿಗೆ ಗ್ಲಿರಿಸಿಡಿಯಾ ಕಡ್ಡಿ ನೆಡಿ, ಸೊಪ್ಪು ಕತ್ತರಿಸಿ ಗಿಡದ ಬುಡಕ್ಕೆ ಹಾಕಿ. ತಿನ್ನೋಕೂ ಮಾರೋಕೂ ಬೇಕು ಅಂದ್ರೆ ಅವರೆ. ಹೆಬ್ಬಾಳ ಅವರೆ-4 ಹಗಲಿನ ಉದ್ದ ನೋಡದೆ ಹೂ ಬಿಡೋ ತಳಿ, ಚಳಿಗಾಲಕ್ಕೆ ಕಾಯಬೇಕಿಲ್ಲ.

ಎರಡೂ ಒಂದೇ ಗಿಡದಲ್ಲಿ ಬೇಕಾ? ಅದಕ್ಕೆ ಕಡಲೆಕಾಯಿ ಇದೆ. ಬಾಯಿಗೆ ನಟ್, ಬೇರಿಗೆ ದ್ವಿದಳ, ಸುಮಾರು ನಾಲ್ಕು ತಿಂಗಳಲ್ಲಿ ಕೈಗೆ ಫಸಲು. ರಾಗಿ ಹೊಲದಲ್ಲಿ ಅವರೆ ಅಕ್ಕಡಿ ಹಾಕ್ತಿದ್ದ ನಮ್ಮ ಅಜ್ಜಿ ತಾತಂದಿರು ಯೂಟ್ಯೂಬ್ ನೋಡದೇ ಈ ಲೆಕ್ಕ ಹಾಕಿದ್ರು.

ಕೊನೆಗೆ

ಆ ಯುವ ರೈತರಿಗೆ ನಾವು ಹೇಳಿದ್ದು ಇಷ್ಟೇ: ಹೇಜಲ್‌ನಟ್ ಅಡ್ವಾನ್ಸ್ ಬೇಡ. ಲುಪಿನ್ ಬೇಕಾದ್ರೆ ಒಂದು ಪ್ಯಾಕೆಟ್ ಬೀಜ ತಂದು ಮನೆ ಮುಂದೆ 20 ಗಿಡ ಮಾಡಿ. ಚೆನ್ನಾಗಿ ಬಂದ್ರೆ ಮುಂದಿನ ವರ್ಷ ಕುಂಡದಲ್ಲಿ ಬೆಳೆಸಿ, ಇಂದಿರಾನಗರದ ಕಡೆಯ ನರ್ಸರಿಗಳಲ್ಲಿ ಕೇಳಿ ನೋಡಿ. ಹಾರ ಕಟ್ಟೋ ಹೂ ಅಲ್ಲ ಇದು, ಮಾರ್ಕೆಟ್‌ಗೆ ಮೂಟೆಗಟ್ಟಲೆ ಒಯ್ಯೋಕಾಗಲ್ಲ.

ಹೊಸ ಗಿಡದ ಜಾಹೀರಾತು ಫೋನಿಗೆ ಬಂದಾಗ ಮಾರೋರನ್ನ ಮೂರು ಪ್ರಶ್ನೆ ಕೇಳಿ: ಎಷ್ಟು ಚಳಿ ಬೇಕು? ಪರಾಗಕ್ಕೆ ಎಷ್ಟು ತಳಿ ಬೇಕು? ನಮ್ಮ ಜಿಲ್ಲೆಯಲ್ಲಿ ಕಾಯಿ ಬಿಟ್ಟಿರೋ ಮರ ಎಲ್ಲಿದೆ, ಹೋಗಿ ನೋಡಬಹುದಾ? ಮೂರನೇ ಪ್ರಶ್ನೆಗೆ ಉತ್ತರ ಬರಲಿಲ್ಲ ಅಂದ್ರೆ ದುಡ್ಡು ಜೇಬಲ್ಲೇ ಇರಲಿ.